ಯಾರ ಕಾಗದ, ಯಾರ ಕಣ್ಣು?

ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನ್ಯ ತನ್ನ ಸಿಪಾಯಿಗಳ ಕೈಗೆ ಒಂದು ಕಾರ್ಡು ಕೊಡುತ್ತಿತ್ತು. ಹಳೇ ಕಾರ್ಡು ಕೂಡಿಡುವ ಶೋಕಿಯವರು ಈಗ ಅದನ್ನು ದುಡ್ಡು ಕೊಟ್ಟು ಕೊಳ್ಳುತ್ತಾರೆ. ಅದರಲ್ಲಿ ವಾಕ್ಯಗಳು ಮೊದಲೇ ಅಚ್ಚಾಗಿರುತ್ತಿದ್ದವು: ನಾನು ಚೆನ್ನಾಗಿದ್ದೇನೆ, ಆಸ್ಪತ್ರೆ ಸೇರಿದ್ದೇನೆ, ನಿಮ್ಮ ಕಾಗದ ಬಂತು. ಬೇಡವಾದ್ದನ್ನು ಹೊಡೆದುಹಾಕಿ, ತಾರೀಖು ಬರೆದು, ರುಜು ಹಾಕಬೇಕು, ಅಷ್ಟೇ. ಒಂದು ಮಾತು ಹೆಚ್ಚಿಗೆ ಬರೆದರೂ ಕಾರ್ಡನ್ನೇ ನಾಶಮಾಡುತ್ತೇವೆಂದು ಅದರ ಮೇಲೇ ಎಚ್ಚರಿಕೆ. ಹೆದರಿಕೆಯಾಗ್ತಿದೆ ಅನ್ನೋದಕ್ಕೆ ಅಲ್ಲಿ ಸಾಲೇ ಇರಲಿಲ್ಲ.

ಬಿಳಿಯ ಸಿಪಾಯಿಯ ಕಾಗದವನ್ನೂ ಅಧಿಕಾರಿ ಓದುತ್ತಿದ್ದ, ನಿಜ. ಆದರೆ ಫ್ರಾನ್ಸಿಗೆ ಹೋದ ಇಂಡಿಯಾದ ಸಿಪಾಯಿಗಳಿಗೆಂದೇ 1914ರಲ್ಲಿ ಬೇರೊಂದು ಸೆನ್ಸಾರ್ ಕಚೇರಿ ಹುಟ್ಟಿತು. ಕ್ರಾಂತಿಕಾರಿಗಳ ಬರಹ ಪಾಳೆಯದೊಳಕ್ಕೆ ನುಗ್ಗೀತೆಂಬ ಭಯ. ಬೂಲೋನ್ ಪಟ್ಟಣದಲ್ಲಿ ಕೂತು ಐ.ಸಿ.ಎಸ್. ಅಧಿಕಾರಿ ಹೋವೆಲ್ ಮತ್ತವನ ಜನ ಉರ್ದು, ಗುರುಮುಖಿ, ಹಿಂದಿ ಕಾಗದಗಳನ್ನು ಒಡೆದು, ಬೇಕಾದ್ದನ್ನು ಇಂಗ್ಲಿಷಿಗೆ ತಿರುಗಿಸಿ ವರದಿ ಮಾಡುತ್ತಿದ್ದರು. ಸಿಪಾಯಿಗಳೇನು ದಡ್ಡರೇ? ಕರಿಮೆಣಸು ಅಂದರೆ ಇಂಡಿಯಾದವರು, ಕೆಂಪು ಮೆಣಸು ಅಂದರೆ ಬಿಳಿಯರು ಎಂದು ಗುಟ್ಟಿನ ಮಾತು ಕಟ್ಟಿಕೊಂಡರು. ಸೈನ್ಯಕ್ಕೆ ಸೇರಬೇಡಿ ಅನ್ನೋದನ್ನೂ ಅಡಗಿಸಿ ಕಳಿಸಿದರು. ಎಷ್ಟೋ ಗುಟ್ಟುಗಳನ್ನು ಸೆನ್ಸಾರ್ ಬಿಡಿಸಿದ.

ಇವತ್ತು ಆ ಸಿಪಾಯಿಗಳ ದನಿ ನಮಗೆ ಸಿಗೋದು ಹೆಚ್ಚಾಗಿ ಅದೇ ವರದಿಗಳಲ್ಲಿ. ಮೂಲ ಕಾಗದಗಳು ಬಹುಪಾಲು ಹೋಗಿವೆ. ಇಂಗ್ಲಿಷ್ ತುಣುಕುಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಹಾಗಾದರೆ ಸೆನ್ಸಾರಿಗೆ ನಾವು ಋಣಿಗಳೇ? ಅವನು ಆಳೋದಕ್ಕಾಗಿ ಓದಿದ. ಕಳ್ಳನ ಮನೇಲಿ ನಮ್ಮ ಪಾತ್ರೆ ಸಿಕ್ಕರೆ, ಜೋಪಾನ ಮಾಡಿದೆಯಲ್ಲಪ್ಪ ಅಂತ ಅವನಿಗೆ ಕೈಮುಗೀತೀವಾ?

ಇಷ್ಟಕ್ಕೇ ನಿಲ್ಲಿಸಿದರೆ ಅರ್ಧ ಸತ್ಯ. ಆ ಸಿಪಾಯಿಗಳಲ್ಲಿ ಬಹಳ ಮಂದಿಗೆ ಅಕ್ಷರ ಬರುತ್ತಿರಲಿಲ್ಲ. ಇನ್ನೊಬ್ಬನಿಗೆ ಹೇಳಿ ಬರೆಸಬೇಕು. ಊರಲ್ಲಿ ಮತ್ತೊಬ್ಬನಿಂದ ಓದಿಸಬೇಕು. ಹೆಂಡತಿಗೆ ಹೇಳಬೇಕಾದ ಮಾತು ಸೆನ್ಸಾರಿನ ಮೇಜಿಗೆ ಬರುವ ಮೊದಲೇ ಪರರ ಪಾಲು. ಅಕ್ಷರವಿಲ್ಲದವನಿಗೆ ಗುಟ್ಟೂ ಇಲ್ಲ. ಆ ಅಕ್ಷರವನ್ನು ದೂರ ಇಟ್ಟವರು ಬಿಳಿಯರಷ್ಟೇ ಅಲ್ಲ.

ಸೈನ್ಯದ ಜೊತೆ ಜಾಡಮಾಲಿಗಳೂ ಹಡಗು ಹತ್ತಿದ್ದರು. ಬರೇಲಿಯ ಅಂಥ ಒಬ್ಬ ಜಾಡಮಾಲಿ 1915ರ ಜನವರಿಯಲ್ಲಿ ಇಂಗ್ಲೆಂಡಿನಲ್ಲಿ ಸತ್ತ. ಅಸ್ಪೃಶ್ಯನೆಂದು ಹಿಂದೂಗಳು ಸುಡಲಿಲ್ಲ, ಮುಸಲ್ಮಾನರು ತಮ್ಮಲ್ಲಿ ಹೂಳಗೊಡಲಿಲ್ಲ, ಕೊನೆಗೆ ಪಾದ್ರಿ ಜಾಗ ಕೊಟ್ಟ ಎಂದು ಹೇಳುತ್ತಾ ಬಂದಿದ್ದಾರೆ. ಬ್ರಾಕನ್‌ಹರ್ಸ್ಟ್ ಹಳ್ಳಿಯ ಚರ್ಚಿನ ಅಂಗಳದಲ್ಲಿ ಅವನ ಸಮಾಧಿ ಇದೆ. ಅಂಥವನ ಬಾಯಿ ಕಟ್ಟೋಕೆ ಬೂಲೋನಿನ ಕಚೇರಿ ಬೇಕಿರಲಿಲ್ಲ. ಜಾತಿ ಸಾಕಿತ್ತು.

ಗೆಳೆಯರೇ, ನಮ್ಮ ಕೇರಿಗಳಲ್ಲೂ ಕಾರ್ಡು ಬಂದರೆ ಅಂಚೆಯವನೋ ಮೇಷ್ಟ್ರೋ ಓದಿ ಹೇಳಬೇಕಿದ್ದ ಕಾಲವಿತ್ತು. ಇನ್ನೊಬ್ಬರ ದುಃಖ ಓದುವ ಹಕ್ಕು ಅವರಾಗಿ ಕೊಟ್ಟರೆ ಮಾತ್ರ ಬರುತ್ತೆ. ಓದಿದ್ದನ್ನು ಊರಿಗೆ ಹಂಚದಿರುವುದು ಓದಿದವನ ಹೊಣೆ. ಅವರೇ ಬರೆಯುವಂತೆ ಮಾಡುವುದು ಅದಕ್ಕಿಂತ ದೊಡ್ಡ ಹೊಣೆ. ಬೇರೆಯವರು ಅಚ್ಚು ಹಾಕಿಸಿದ ಸಾಲುಗಳಲ್ಲಿ ಯಾವುದನ್ನು ಹೊಡೆಯಲಿ ಅಂತ ಕೇಳುತ್ತಾ ಕೂರೋದನ್ನು ಸ್ವಾತಂತ್ರ್ಯ ಅಂತ ನಾವು ಒಪ್ಪೋದಿಲ್ಲ. ನಮಗೆ ಖಾಲಿ ಕಾರ್ಡು ಬೇಕು, ಬರೆಯೋ ಕೈಯೂ ನಮ್ಮದೇ ಆಗಬೇಕು.