ಕೂಗು ಮತ್ತು ಕೋವಿ

ಬೇಲೂರಿನ ಚನ್ನಕೇಶವ ಗುಡಿಯ ಬಾಗಿಲಲ್ಲಿ ಹುಲಿಯನ್ನು ಇರಿಯುತ್ತಿರುವ ಸಳನನ್ನು ದಾಟಿಯೇ ಒಳಗೆ ಹೋಗಬೇಕು. ಕಥೆ ನಮಗೆಲ್ಲ ಗೊತ್ತಿದೆ. ಇಂದಿನ ಮೂಡಿಗೆರೆ ತಾಲ್ಲೂಕಿನ ಅಂಗಡಿ, ಅಂದಿನ ಸೊಸೆವೂರು. ಅಲ್ಲಿ ಜೈನಮುನಿ ಸುದತ್ತರ ಮೇಲೆ ಹುಲಿ ಎರಗಿ ಬಂತು. ಮುನಿ ‘ಹೊಯ್ ಸಳ’ ಎಂದರು, ಸಳ ಹೊಯ್ದ. ಚರಿತ್ರೆಕಾರರು ಇದನ್ನು ಐತಿಹ್ಯವೆನ್ನುತ್ತಾರೆ. ಆದರೆ ಐತಿಹ್ಯವೂ ಪ್ರಶ್ನೆ ಕೇಳುತ್ತದೆ. ಇರುವೆಗೂ ನೋವಾಗದಂತೆ ನಡೆಯುವ ವ್ರತ ಹಿಡಿದವರು ‘ಹೊಯ್’ ಎನ್ನಬಹುದೆ?

ಈ ಪ್ರಶ್ನೆ ಕಳೆದ ವರ್ಷ ನಮ್ಮ ಮನೆಗೇ ಬಂತು. ಅರಸೀಕೆರೆಯ ಹತ್ತಿರ ತೆಂಗಿನ ತೋಟದ ಮನೆಯಲ್ಲಿ ನನ್ನ ದೊಡ್ಡಪ್ಪ ಒಬ್ಬರೇ ಇದ್ದಾರೆ. ದೊಡ್ಡಮ್ಮ ತೀರಿಕೊಂಡು ಮೂರು ವರ್ಷವಾಯಿತು, ಮಗ ಬೆಂಗಳೂರಿನಲ್ಲಿದ್ದಾನೆ. ಒಂದು ರಾತ್ರಿ ಪಕ್ಕದ ತೋಟದಲ್ಲಿ ಅಟ್ಟದ ಕೊಬ್ಬರಿಯನ್ನೂ ಬೋರ್‌ವೆಲ್ಲಿನ ಕೇಬಲ್ಲನ್ನೂ ಕದ್ದೊಯ್ದರು. ತಡೆಯಲು ಹೋದವರ ತಲೆಗೆ ಪೆಟ್ಟುಬಿತ್ತು. ಅಂದಿನಿಂದ ದೊಡ್ಡಪ್ಪನಿಗೆ ಸರಿಯಾಗಿ ನಿದ್ದೆಯಿಲ್ಲ. ಅಣ್ಣ ಒಂದು ಪಟ್ಟಿ ಕಳಿಸಿದ: ರಿವಾಲ್ವರ್, ಗುಂಡು, ಅದನ್ನಿಡಲು ಬೀಗದ ಪೆಟ್ಟಿಗೆ, ದೊಡ್ಡ ಟಾರ್ಚು. ಓದಿದವಳೆಂದು ಲೈಸೆನ್ಸಿನ ಅರ್ಜಿ ತುಂಬುವ ಕೆಲಸ ನನ್ನ ಪಾಲಿಗೆ ಬಂತು. ಆಯುಧ ಏಕೆ ಬೇಕು ಎಂದು ಅದರಲ್ಲಿ ಹೇಳಬೇಕು. ‘ಆತ್ಮರಕ್ಷಣೆ’ ಎಂದು ಬರೆದರೆ ಮುಗಿಯಿತು. ಆ ಒಂದು ಪದ ಬರೆಯುವ ಮುನ್ನ ನಾನು ಬಹಳ ದಿನ ಯೋಚಿಸಿದೆ.

ನಮ್ಮ 1959ರ ಆಯುಧ ಕಾಯ್ದೆಯೂ ಹೀಗೆ ಯೋಚಿಸಿದಂತೆ ಕಾಣುತ್ತದೆ. ಬೆಳೆ ಕಾಯುವ ಮದ್ದು ತುಂಬುವ ಕೋವಿಯನ್ನೂ, ರಕ್ಷಣೆಗೆಂದು ಕೇಳುವ ಉದ್ದ ನಳಿಗೆಯ ಬಂದೂಕನ್ನೂ ಅದು ಒಂದು ಬಗೆಯಾಗಿ ನೋಡುತ್ತದೆ, ಕೈಯಲ್ಲಿ ಅಡಗುವ ಪಿಸ್ತೂಲನ್ನು ಇನ್ನೊಂದು ಬಗೆಯಾಗಿ. ಪಿಸ್ತೂಲು ಬೇಕೆನ್ನುವವರು ಅದಕ್ಕೆ ತಕ್ಕ ಕಾರಣವಿದೆಯೆಂದು ಅಧಿಕಾರಿಗೆ ಮನಗಾಣಿಸಬೇಕು. ಸಾಕಷ್ಟು ಆಸ್ತಿಯಿಲ್ಲ ಎಂಬ ಒಂದೇ ನೆಪಕ್ಕೆ ಯಾರಿಗೂ ಲೈಸೆನ್ಸ್ ನಿರಾಕರಿಸುವಂತಿಲ್ಲ ಎಂದೂ ಅದೇ ಕಾಯ್ದೆ ಹೇಳುತ್ತದೆ. ಬಡವನ ಜೀವವೂ ಜೀವವೇ ಎಂಬ ಮಾತು ಅದರೊಳಗಿದೆ. ಕಾಗದದ ಮೇಲಿನ ಈ ಸಮಾನತೆ ಅಂಗಡಿಯಲ್ಲಿ ಉಳಿಯುವುದಿಲ್ಲ. 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ಹೆಂಗಸರ ರಕ್ಷಣೆಗೆಂದು ‘ನಿರ್ಭೀಕ್’ ಎಂಬ .32 ಬೋರಿನ ರಿವಾಲ್ವರ್ ತಂದಾಗ ಅದರ ತೂಕ ಅರ್ಧ ಕೆ.ಜಿ., ಬೆಲೆ 1.2 ಲಕ್ಷ ರೂಪಾಯಿಗೂ ಹೆಚ್ಚು. ನಿರ್ಭಯವೂ ಕೊಳ್ಳಬಲ್ಲವರಿಗೆ ಮಾತ್ರ.

ಅಣ್ಣನ ಪಟ್ಟಿಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಬೀಗದ ಪೆಟ್ಟಿಗೆ. ಬೀಗ ಹಾಕಿಟ್ಟ ಪಿಸ್ತೂಲು ಕಳ್ಳ ಬಂದ ಹೊತ್ತಿಗೆ ಕೈಗೆ ಸಿಗುವುದಿಲ್ಲ. ಬೀಗ ಹಾಕದೆ ದಿಂಬಿನ ಕೆಳಗಿಟ್ಟರೆ ಬೇಸಿಗೆ ರಜೆಗೆ ಬಂದ ಮೊಮ್ಮಕ್ಕಳ ಕೈಗೂ ಸಿಗುತ್ತದೆ, ಬದುಕು ಸಾಕೆನ್ನಿಸಿದ ರಾತ್ರಿ ಒಂಟಿ ಮುದುಕನ ಕೈಗೂ ಸಿಗುತ್ತದೆ. 1993ರಲ್ಲಿ ಅಮೆರಿಕದ ಆರ್ಥರ್ ಕೆಲರ್‌ಮನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಂದೂಕಿರುವ ಮನೆಯಲ್ಲಿ ಕೊಲೆ ನಡೆಯುವ ಸಾಧ್ಯತೆ ಸುಮಾರು 2.7 ಪಟ್ಟು ಹೆಚ್ಚು. ಆ ಹೆಚ್ಚಳದ ಬಹುಪಾಲು ಮನೆಯವರು, ಆಪ್ತರು ಮಾಡಿದ ಕೊಲೆಗಳದು. ಈ ಲೆಕ್ಕದ ಬಗ್ಗೆ ಅಲ್ಲಿ ಇಂದಿಗೂ ವಾದವಿದೆ. ಆದರೆ ಹೊರಗಿನವನಿಗೆಂದು ತಂದದ್ದು ದಿನವೂ ಒಳಗಿನವರ ನಡುವೆಯೇ ಇರುತ್ತದೆ ಎಂಬುದಕ್ಕೆ ಲೆಕ್ಕ ಬೇಕಿಲ್ಲ.

ಹಾಗೆಂದು ಅಹಿಂಸೆಯ ಹೆಸರು ಹೇಳಿ ಕೈ ತೊಳೆದುಕೊಳ್ಳಲೂ ಬರುವುದಿಲ್ಲ. ಮುನಿಗೆ ಮಹಾವ್ರತ, ಗೃಹಸ್ಥನಿಗೆ ಅಣುವ್ರತ ಎಂದು ಬೇರೆ ಮಾಡಿದ ಜೈನರು ಹಿಂಸೆಯನ್ನೂ ಬಗೆಬಗೆಯಾಗಿ ವಿಂಗಡಿಸಿದ್ದಾರೆ. ಬೇಕೆಂದೇ ಮಾಡುವುದು ಸಂಕಲ್ಪೀ ಹಿಂಸೆ. ಮೇಲೆ ಬಿದ್ದವನನ್ನು ತಡೆಯುವಾಗ ಆಗುವುದು ವಿರೋಧೀ ಹಿಂಸೆ. ಮೊದಲನೆಯದನ್ನು ಗೃಹಸ್ಥ ಬಿಡಲೇಬೇಕು, ಎರಡನೆಯದನ್ನು ಪೂರ್ತಿಯಾಗಿ ಬಿಡಲು ಅವನಿಂದ ಆಗದು. ಗಾಂಧಿ ಕೂಡ 1920ರಲ್ಲಿ ಹೇಡಿತನ ಮತ್ತು ಹಿಂಸೆ ಎರಡೇ ದಾರಿಯಿದ್ದರೆ ಹಿಂಸೆಯನ್ನೇ ಆರಿಸಿಕೊಳ್ಳಿ ಎಂಬರ್ಥದಲ್ಲಿ ಬರೆದಿದ್ದರು.

ಇವನ್ನೆಲ್ಲ ದೊಡ್ಡಪ್ಪನ ಮುಂದೆ ಹೇಳಿದೆ. ಅವರು ಸಮಾಧಾನದಿಂದಲೇ ಕೇಳಿಸಿಕೊಂಡರು. ಆಮೇಲೆ ಹೇಳಿದರು: “ಎಲ್ಲಾ ಸರೀನೇ ಕಣವ್ವ. ನಿನ್ ಹಾಸ್ಟೆಲ್‌ಗೆ ಗೇಟ್ ಐತೆ, ಗೇಟಲ್ಲಿ ವಾಚ್‌ಮನ್ ಅವ್ನೆ. ನಾನ್ ಕೂಗುದ್ರೆ ಯಾರಿಗ್ ಕೇಳುಸ್ತದೆ ಹೇಳು?”

ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಇನ್ನೊಬ್ಬರ ಕಾವಲಿನಲ್ಲಿ ಮಲಗುವವರಿಗೆ ಅಹಿಂಸೆ ಸುಲಭ. ಆದರೆ ಅವರ ಮಾತಿನಲ್ಲೇ ನಾನು ಹುಡುಕುತ್ತಿದ್ದ ಎಳೆಯೂ ಇತ್ತು. ಅವರು ಕೋವಿ ಬೇಕು ಎನ್ನಲಿಲ್ಲ, ಕೂಗಿದರೆ ಯಾರಿಗೂ ಕೇಳಿಸುವುದಿಲ್ಲ ಎಂದರು.

ಸಳನ ಕಥೆಗೆ ಮತ್ತೆ ಹೋಗೋಣ. ‘ಹೊಯ್’ ಎಂಬುದು ಹುಲಿ ಎರಗಿದ ಗಳಿಗೆಯಲ್ಲಿ ಬಂದ ಮಾತು. ಅದಕ್ಕೆ ಮೊದಲು ಅದಿರಲಿಲ್ಲ, ಹುಲಿ ಬಿದ್ದ ಮೇಲೆ ಅದರ ಕೆಲಸ ಮುಗಿಯಿತು. ಅದು ಒಬ್ಬರು ಇನ್ನೊಬ್ಬರಿಗೆ ಹೇಳಿದ ಮಾತೂ ಹೌದು. ನಮ್ಮ ಕಾನೂನು ಹೇಳುವ ಖಾಸಗಿ ರಕ್ಷಣೆಯ ಹಕ್ಕೂ ಹೀಗೆಯೇ: ಅಪಾಯದ ಭಯ ಹುಟ್ಟಿದಾಗ ಹುಟ್ಟಿ, ಅದು ಇರುವಷ್ಟು ಹೊತ್ತು ಮಾತ್ರ ಉಳಿದು, ಬೇಕಾದಷ್ಟನ್ನು ಮೀರಬಾರದು. 1860ರ ದಂಡಸಂಹಿತೆಯಲ್ಲಿದ್ದ ಈ ಮಿತಿ 2024ರ ಜುಲೈ 1ರಿಂದ ಜಾರಿಗೆ ಬಂದ ನ್ಯಾಯ ಸಂಹಿತೆಯಲ್ಲೂ ಇದೆ. ತಲೆದಿಂಬಿನ ಕೆಳಗಿನ ಪಿಸ್ತೂಲಾದರೋ ಹುಲಿ ಬರುವ ಮೊದಲೇ ಪ್ರತಿ ರಾತ್ರಿ ‘ಹೊಯ್’ ಎನ್ನುತ್ತಿರುತ್ತದೆ. ಅದನ್ನು ಕೇಳಿಸಿಕೊಂಡು ಮಲಗುವವನಿಗೆ ಬಾಗಿಲು ಬಡಿಯುವ ಪ್ರತಿಯೊಬ್ಬರೂ ಮೊದಲು ಹುಲಿಯಾಗಿ, ಆಮೇಲೆ ಬೇಕಾದರೆ ಮನುಷ್ಯರಾಗಿ ಕಾಣುತ್ತಾರೆ.

2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದಲ್ಲಿ ಶಾಸನ ವಿದ್ವಾಂಸ ಎಂ.ಎಂ. ಕಲಬುರ್ಗಿಯವರು ತಮ್ಮ ಮನೆಯ ಬಾಗಿಲಲ್ಲೇ ಗುಂಡಿಗೆ ಬಲಿಯಾದರು. ಎರಡು ವರ್ಷದ ಮೇಲೆ, 2017ರ ಸೆಪ್ಟೆಂಬರ್ 5ರ ರಾತ್ರಿ, ಬೆಂಗಳೂರಿನಲ್ಲಿ ಗೌರಿ ಲಂಕೇಶ್ ತಮ್ಮ ಮನೆಯ ಮುಂದೆಯೇ ಕೊಲೆಯಾದರು. ನಮ್ಮಂಥ ಓದುವವರಿಗೆ ಮನೆಯ ಬಾಗಿಲು ಅಂದಿನಿಂದ ಮೊದಲಿನಂತಿಲ್ಲ. ಆದರೂ ಕೇಳಿಕೊಳ್ಳಬೇಕು: ಕಪಾಟಿನಲ್ಲಿ ಪಿಸ್ತೂಲಿದ್ದಿದ್ದರೆ ಏನಾಗುತ್ತಿತ್ತು? ಅದು ಉಪಯೋಗಕ್ಕೆ ಬರಬೇಕಾದರೆ ಬಾಗಿಲಿಗೆ ಬಂದ ಪ್ರತಿ ವಿದ್ಯಾರ್ಥಿಯನ್ನೂ ಮೇಷ್ಟ್ರು ಆಯುಧ ಹಿಡಿದೇ ಎದುರುಗೊಳ್ಳಬೇಕಿತ್ತು. ಹಾಗೆ ಬದುಕಿ ಉಳಿಯುವವರು ಆಗ ಮೇಷ್ಟ್ರಾಗಿ ಉಳಿಯುತ್ತಿದ್ದರೆ?

ಹಾಸನ ಸೀಮೆಯ ವೀರಗಲ್ಲುಗಳನ್ನು ಓದುವಾಗ ಸಿಗುವ ಹಳಗನ್ನಡದ ಒಂದು ಪದ ‘ಪುಯ್ಯಲ್’. ಅದರ ಅರ್ಥ ಕೂಗು, ಮೊರೆ. ಹೆಂಗಸರ ಮೊರೆ ಕೇಳಿ ಓಡಿಹೋಗಿ ಕಾದಿದ್ದು ‘ಪೆಣ್ಬುಯ್ಯಲ್’. ಕದ್ದ ದನಗಳ ಹಿಂದೆ ಓಡಿ ಮಡಿದವರಿಗೆ ತುರುಗೋಳಿನ ಕಲ್ಲು. ಆ ಕಾಲವೇನೂ ಸೌಮ್ಯವಾಗಿರಲಿಲ್ಲ. ಆದರೂ ಆ ಕಲ್ಲುಗಳು ನೆನಪಿಟ್ಟುಕೊಂಡದ್ದು ಇನ್ನೊಬ್ಬರ ಕೂಗಿಗೆ ಓಡಿದವರನ್ನು. ಕೊಡಗಿನಲ್ಲಿ ಸಾವಾದಾಗ ಎರಡು ಗುಂಡು ಹಾರಿಸಿ ನೆರೆಯವರಿಗೆ ತಿಳಿಸುವ ರೂಢಿಯಿದೆ. ಅಲ್ಲಿ ಕೋವಿಯೇ ಕೂಗಾಗುತ್ತದೆ, ಕೇಳಿದವರು ಹೊರಟು ಬರುತ್ತಾರೆ. ಬೆಂಗಳೂರಿನ ಪೊಲೀಸರ ಗಸ್ತು ವಾಹನದ ಹೆಸರೇ ‘ಹೊಯ್ಸಳ’. ಕರೆದರೆ ಬರುತ್ತೇವೆ ಎಂಬ ಭಾಷೆ ಆ ಹೆಸರಿನಲ್ಲಿದೆ. ತೋಟದ ಮನೆಗಳಿಗೂ ಆ ಭಾಷೆ ಸಲ್ಲಬೇಕು.

ದೊಡ್ಡಪ್ಪ ಕೋವಿ ಇಟ್ಟುಕೊಳ್ಳುವುದು ತಪ್ಪೆಂದು ನಾನು ಹೇಳಲಾರೆ. ಹಾಗೆ ಹೇಳುವ ಹಕ್ಕು ಅವರ ಕೂಗಿಗೆ ಎದ್ದು ಓಡುವವರಿಗೆ ಮಾತ್ರ ಇದೆ. ಆದರೆ ಅರ್ಜಿಯಲ್ಲಿ ‘ಆತ್ಮರಕ್ಷಣೆ’ ಎಂದು ಬರೆಯುವ ಜಾಗದಲ್ಲಿ ನಿಜ ಬರೆಯಬೇಕಾದರೆ ಹೀಗೆ ಬರೆಯಬೇಕಾದೀತು: ಮಕ್ಕಳು ಊರು ಬಿಟ್ಟರು, ನೆರೆಯವರು ದೂರವಾದರು, ಠಾಣೆ ಇನ್ನೂ ದೂರ, ಕೂಗಿದರೆ ಓಗೊಡುವವರಿಲ್ಲ. ಯಾವ ಕೋವಿ ಒಳ್ಳೆಯದು ಎಂಬ ಪ್ರಶ್ನೆಗೆ ಅಂಗಡಿಯವನು ಉತ್ತರ ಹೇಳಿಯಾನು. ಕೂಗಿದರೆ ಯಾರಿಗೆ ಕೇಳಿಸುತ್ತದೆ ಎಂಬ ಪ್ರಶ್ನೆಗೆ ಅಣ್ಣ, ನಾನು, ಪಕ್ಕದ ತೋಟದವರು, ಊರು, ಸರ್ಕಾರ ಎಲ್ಲರೂ ಉತ್ತರ ಹೇಳಬೇಕು. ನಾವು ಹೇಳದಿದ್ದರೆ ಆ ಉತ್ತರವನ್ನು ಪಿಸ್ತೂಲು ಹೇಳುತ್ತದೆ.