ಓದದವನಿಗೆ ಬರೆದ ಎಚ್ಚರಿಕೆ

ಅಂಕೋಲಾದ ಹಟ್ಟಿಕೇರಿ ಟೋಲ್ ಗೇಟನ್ನು ಹಲವು ನುಡಿಗಳ ಲಾರಿ ಚಾಲಕರು ದಾಟುತ್ತಾರೆ. ಅಕ್ಷರ ಬಾರದವನಿಗೆ ಕಾಂಡೋಮ್ ಪೊಟ್ಟಣದ ಮೇಲೆ ಬರೆದ ಎಚ್ಚರಿಕೆಯನ್ನು ಎಚ್ಚರಿಕೆ ಎನ್ನಬಹುದೇ?

1968ರಲ್ಲಿ ಸರ್ಕಾರ ‘ನಿರೋಧ್’ ತಂದಾಗ ಕುಟುಂಬ ಯೋಜನೆಯೇ ಗುರಿ. ಏಡ್ಸ್‌ನ ಹೆಸರು ಆಗ ಯಾರಿಗೂ ಗೊತ್ತಿರಲಿಲ್ಲ. ಸರಿಯಾಗಿ ಬಳಸಿದರೆ ಅದೇ ರಬ್ಬರು ಇಂದು ಎಚ್‌ಐವಿಯಿಂದಲೂ ಕಾಯುತ್ತದೆ. ಅವಧಿ ಮೀರಿದರೆ, ಬಿಸಿಲಲ್ಲಿ ಬೆಂದರೆ, ತೆಂಗಿನೆಣ್ಣೆ ತಾಗಿದರೆ ಹರಿಯಬಹುದು. ಮನೆಮನೆಯಲ್ಲೂ ತೆಂಗಿನೆಣ್ಣೆಯಿರುವ ಕರಾವಳಿಗೆ ಇದು ಸಣ್ಣ ಮಾತಲ್ಲ. ಆದರೂ ಅದನ್ನು ಪೊಟ್ಟಣದ ಸಣ್ಣಕ್ಷರಗಳಿಗೆ ಬಿಟ್ಟು ನಾವು ಸುಮ್ಮನಿದ್ದೇವೆ.

ಅಂಗಡಿಯವನು ಕಾಗದದಲ್ಲಿ ಸುತ್ತಿ ಕೊಟ್ಟದ್ದನ್ನು ಕಣ್ಣು ತಪ್ಪಿಸಿ ಪಡೆಯುತ್ತೇವೆ. ಅದಕ್ಕೆ ಹಯಾ ಎಂದು ಹೆಸರಿಡುತ್ತೇವೆ. ಹಯಾ ತಡೆಯಬೇಕಾದದ್ದು ತಪ್ಪನ್ನು, ಅರಿವನ್ನಲ್ಲ. ಆ ಪೊಟ್ಟಣವನ್ನೇ ಕಾಣದೆ, ಗಂಡ ತಂದ ರೋಗ ಹೊತ್ತ ಹೆಣ್ಣುಮಗಳಿಗೆ ನಮ್ಮ ಮೌನ ಏನೆಂದು ಉತ್ತರ ಕೊಟ್ಟೀತು?