ದೆವ್ವ ನಿಜ ಹೇಳಿದಾಗ

ಮದುವೆಯ ದಿಬ್ಬಣ ಊರಿಗೆ ಹಿಂತಿರುಗುವಾಗ ದಾರಿಯಲ್ಲಿ ಒಂದು ಮರದ ನೆರಳಿಗೆ ನಿಲ್ಲುತ್ತದೆ. ಮರದಲ್ಲೊಂದು ದೆವ್ವ. ಕೆಳಗೆ ಕೂತ ಮದುಮಗಳ ಮುಖ ಕಂಡದ್ದೇ ಅದು ಸೋತುಹೋಗುತ್ತದೆ. ಮದುಮಗನಿಗೋ ಮನಸ್ಸೆಲ್ಲ ಲೆಕ್ಕದ ಪುಸ್ತಕದಲ್ಲಿ. ವ್ಯಾಪಾರಕ್ಕೆ ಮುಹೂರ್ತ ಚೆನ್ನಾಗಿದೆ ಎಂದು ಮಾರನೆಯ ದಿನವೇ ಐದು ವರ್ಷಗಳ ಮಟ್ಟಿಗೆ ದೂರದ ಊರಿಗೆ ಹೊರಟುಬಿಡುತ್ತಾನೆ. ದೆವ್ವ ಅವನ ರೂಪ ತೊಟ್ಟು ಮನೆಗೆ ಬರುತ್ತದೆ. ದಿನಕ್ಕೆ ಐದು ಚಿನ್ನದ ಮೊಹರು ಕೊಡುವ ಮಾತಾಡಿ ಮದುಮಗನ ಅಪ್ಪನನ್ನು ಸುಮ್ಮನಾಗಿಸುತ್ತದೆ. ಇಷ್ಟು ಹೊತ್ತಿಗೆ ಮುಂದಿನದೆಲ್ಲ ಗೊತ್ತಾಯಿತು ಎಂದು ನಮಗೆ ಅನ್ನಿಸಿರುತ್ತದೆ: ಮೋಸ, ಭಯ, ಕೊನೆಗೊಬ್ಬ ಮಂತ್ರವಾದಿ. ಆಗ ಆ ದೆವ್ವ ಅವಳೆದುರು ನಿಂತು, ತಾನು ನಿನ್ನ ಗಂಡನಲ್ಲ, ದೆವ್ವ ಎಂದು ಹೇಳಿಬಿಡುತ್ತದೆ. ಇರಬೇಕೋ ಹೋಗಬೇಕೋ ಎನ್ನುವುದನ್ನು ಅವಳಿಗೇ ಬಿಡುತ್ತದೆ.

ಮಣಿ ಕೌಲ್ 1973ರಲ್ಲಿ ಮಾಡಿದ ‘ದುವಿಧಾ’ ಇದು. ಕಥೆ ರಾಜಸ್ಥಾನಿ ಲೇಖಕ ವಿಜಯದಾನ್ ದೇಥಾ ಅವರದು. ಚಿತ್ರೀಕರಣವೂ ಅವರ ಊರು ಬೋರುಂದಾದಲ್ಲೇ ನಡೆಯಿತು. ಛಾಯಾಗ್ರಾಹಕ ನವ್ರೋಜ್ ಕಾಂಟ್ರಾಕ್ಟರ್ ಮುಂದೆ ಬೆಂಗಳೂರಿನವರೇ ಆದರು, 2023ರಲ್ಲಿ ತೀರಿಕೊಂಡರು. ಇದೇ ಕಥೆ 2005ರಲ್ಲಿ ಶಾರುಖ್ ಖಾನ್ ನಟಿಸಿದ ‘ಪಹೇಲಿ’ಯಾಗಿ ದೊಡ್ಡದಾಗಿ ಬಂತು, ಹಾಡು ಕುಣಿತದೊಂದಿಗೆ ಎಲ್ಲರೂ ನೋಡಿದರು. ‘ದುವಿಧಾ’ ನೋಡಿದವರು ಕಡಿಮೆ. ಅಲ್ಲಿ ಪಾತ್ರಗಳು ಹೆಚ್ಚು ಮಾತಾಡುವುದೇ ಇಲ್ಲ. ಅವರ ಮನಸ್ಸಿನ ಮಾತನ್ನು ಹಿನ್ನೆಲೆಯ ದನಿ ಹೇಳುತ್ತದೆ, ದೃಶ್ಯ ಎಷ್ಟೋ ಕಡೆ ಸ್ತಬ್ಧಚಿತ್ರವಾಗಿ ನಿಂತುಬಿಡುತ್ತದೆ. ಬಿಳಿಯ ಗೋಡೆಯ ಮುಂದೆ ಕೆಂಪು ಓಢಣಿಯ ಹೆಣ್ಣು. ದೆವ್ವದ ಚಿತ್ರವೆಂದರೆ ಇರಬೇಕಾದ ಕತ್ತಲೆಯಾಗಲಿ, ಬೆಚ್ಚಿಬೀಳಿಸುವ ಸದ್ದಾಗಲಿ ಇಲ್ಲಿಲ್ಲ. ಆದರೂ ಆ ನಿಜ ಹೇಳುವ ಗಳಿಗೆಯಲ್ಲಿ ನನ್ನ ಮೈ ಜುಮ್ಮೆಂದಿತು. ರೂಪ ಬದಲಿಸುವ ಶಕ್ತಿ ಇದ್ದ ಜೀವವೊಂದು, ಮೋಸ ಮಾಡಿದ್ದರೆ ಯಾರಿಗೂ ತಿಳಿಯದ ಹೊತ್ತಿನಲ್ಲಿ, ತನ್ನ ಶಕ್ತಿಯನ್ನು ಪಕ್ಕಕ್ಕಿಟ್ಟಿತು. ಆ ಸಿನಿಮಾದಲ್ಲಿ ಬೆರಗೆಂದರೆ ನನಗೆ ಅದೇ. ರೂಪ ಬದಲಾದದ್ದು ಬರೀ ಕಥೆಯ ಅನುಕೂಲ.

ಪ್ರೇಮಕಥೆಯೊಳಗೆ ದೆವ್ವ, ಕೋರ್ಟು, ಕಾಲಯಾನ, ಕೊಲೆಗಳನ್ನೆಲ್ಲ ಬೆರೆಸಿದ ಸಿನಿಮಾಗಳನ್ನು ಹುಡುಕಿ ನೋಡುವ ಹುಚ್ಚು ನನಗಿದೆ. ಅವುಗಳಲ್ಲಿ ಮನಸ್ಸಿನಲ್ಲಿ ಉಳಿದವನ್ನು ಜೋಡಿಸಿಕೊಂಡಾಗ ಮತ್ತೆ ಮತ್ತೆ ಇದೇ ಕಾಣುತ್ತದೆ. ಮಾಯೆ ಎಷ್ಟೇ ದೊಡ್ಡದಿರಲಿ, ಬೆರಗು ಹುಟ್ಟುವುದು ಬಲವುಳ್ಳವರು ಕೈ ತಡೆದ ಜಾಗದಲ್ಲಿ.

ರಸಗಳ ಮಾತು ಬಂದಾಗ ಭರತಮುನಿ ಶೃಂಗಾರದಿಂದ ಹಾಸ್ಯ ಹುಟ್ಟುತ್ತದೆ ಎಂದ. ವಿಸ್ಮಯವೇ ಸ್ಥಾಯಿಯಾದ ಅದ್ಭುತವನ್ನು ವೀರದಿಂದ ಹುಟ್ಟಿಸಿದ. ನಮ್ಮ ಜನಪ್ರಿಯ ಸಿನಿಮಾ ತಿಳಿದೋ ತಿಳಿಯದೆಯೋ ಇದನ್ನೇ ಪಾಲಿಸಿಕೊಂಡು ಬಂದಿದೆ. ನಾಯಕ ನಾಯಕಿಯ ಹಿಂದೆ ಸುತ್ತುವಾಗ ಪಕ್ಕದಲ್ಲೊಬ್ಬ ಹಾಸ್ಯನಟ ಇರಲೇಬೇಕು; ಬಾಯಿ ಬಿಟ್ಟು ನೋಡುವಂಥದ್ದೆಲ್ಲ ಹೊಡೆದಾಟಕ್ಕೆ ಮೀಸಲು. ನಾನು ಹೇಳುತ್ತಿರುವ ಚಿತ್ರಗಳು ಅದ್ಭುತವನ್ನು ವೀರದ ಮನೆಯಿಂದ ಕರೆತಂದು ಶೃಂಗಾರದ ಪಕ್ಕದಲ್ಲಿ ಕೂರಿಸುತ್ತವೆ. ಅಲ್ಲಿಗೆ ಅದು ಬಂದೊಡನೆ ಅದರ ದನಿ ತಗ್ಗುತ್ತದೆ.

‘ದುವಿಧಾ’ದ ಕಥೆ ಕೇಳಿದ ಕನ್ನಡಿಗರಿಗೆ ‘ನಾಗಮಂಡಲ’ ನೆನಪಾಗದೆ ಇರದು. ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳಿಂದ ಗಿರೀಶ ಕಾರ್ನಾಡರು ಕಟ್ಟಿದ ನಾಟಕವನ್ನು ಟಿ.ಎಸ್. ನಾಗಾಭರಣ 1997ರಲ್ಲಿ ತೆರೆಗೆ ತಂದರು. ಹಗಲಿನ ಗಂಡ ಅಪ್ಪಣ್ಣನೂ ರಾತ್ರಿ ಅವನ ರೂಪದಲ್ಲಿ ಬರುವ ನಾಗನೂ ಪ್ರಕಾಶ್ ರಾಜ್ ಅವರೇ. ಇಲ್ಲಿ ನಾಗ ನಿಜ ಹೇಳುವುದಿಲ್ಲ, ಪ್ರಶ್ನೆ ಕೇಳಬೇಡ ಎನ್ನುತ್ತಾನೆ. ಈ ಒಂದು ವ್ಯತ್ಯಾಸದಿಂದ ಬೆರಗು ಪೂರ್ತಿ ಅಪ್ಪಣ್ಣನ ಹೆಂಡತಿ ರಾಣಿಯ ಪಾಲಿಗೆ ಬರುತ್ತದೆ. ನಡತೆಗೆಟ್ಟವಳೆಂಬ ಆರೋಪ ಹೊತ್ತು ಊರ ಪಂಚಾಯಿತಿಯ ಮುಂದೆ ಹುತ್ತಕ್ಕೆ ಕೈ ಹಾಕಿ ನಾಗರವನ್ನು ಹಿಡಿದು, ಗಂಡನನ್ನೂ ಈ ಹಾವನ್ನೂ ಬಿಟ್ಟು ಬೇರೆ ಯಾರನ್ನೂ ಮುಟ್ಟಿಲ್ಲ ಎಂದು ಅವಳು ಆಣೆ ಮಾಡುತ್ತಾಳೆ. ಅಕ್ಷರ ಅಕ್ಷರವೂ ನಿಜ, ಅದು ಎಂಥ ನಿಜ ಎನ್ನುವುದು ಅವಳಿಗೇ ತಿಳಿಯದು. ಕೈಯಲ್ಲಿರುವ ಹಾವು ಕಚ್ಚುವುದಿಲ್ಲ. ಕಚ್ಚಬಲ್ಲದ್ದು ಕಚ್ಚದೆ ಹೆಡೆ ಬಿಚ್ಚಿ ನೆರಳಾಗುತ್ತದೆ. ಊರವರು ಅವಳನ್ನು ದೇವಿ ಮಾಡಿಬಿಡುತ್ತಾರೆ, ಅದು ಬೇರೆ ಮಾತು. ನನ್ನ ಕಣ್ಣು ಆ ಹಾವಿನ ಮೇಲೇ ಇರುತ್ತದೆ.

ಹಾವನ್ನು ನಂಬಿದ್ದಕ್ಕೆ ಎಲ್ಲ ಕಡೆಯೂ ಒಳ್ಳೆಯದೇ ಆಗುತ್ತದೆ ಎಂದೇನಿಲ್ಲ. ಅಸ್ಸಾಮಿನ ಭಾಸ್ಕರ ಹಜಾರಿಕಾ ತಮ್ಮ ‘ಕೊಥಾನೊದಿ’ಯಲ್ಲಿ (2015) ಅಲ್ಲಿನ ಅಜ್ಜಿಕಥೆಗಳನ್ನು ತೆಗೆದುಕೊಂಡರು. ಅದರಲ್ಲಿ ತಾಯಿಯೊಬ್ಬಳು ಹೊನ್ನಿನ ಆಸೆಗೆ ಮಗಳನ್ನು ಹೆಬ್ಬಾವಿಗೆ ಮದುವೆ ಮಾಡಿಕೊಡುತ್ತಾಳೆ. ಹೆಬ್ಬಾವು ಹೆಬ್ಬಾವಾಗಿಯೇ ನಡೆದುಕೊಳ್ಳುತ್ತದೆ. ಹಜಾರಿಕಾ ಅವರ ಮುಂದಿನ ಚಿತ್ರದ ಬಗ್ಗೆ ಇನ್ನೂ ಹೇಳುವುದಿದೆ. ಅದಕ್ಕೆ ಮೊದಲು ಸ್ವರ್ಗದ ಕೋರ್ಟಿಗೆ ಹೋಗಿಬರೋಣ.

ಮೈಕೆಲ್ ಪೊವೆಲ್ ಮತ್ತು ಎಮೆರಿಕ್ ಪ್ರೆಸ್‌ಬರ್ಗರ್ 1946ರಲ್ಲಿ ತೆಗೆದ ‘ಎ ಮ್ಯಾಟರ್ ಆಫ್ ಲೈಫ್ ಅಂಡ್ ಡೆತ್’ ಇಂಗ್ಲೆಂಡಿನಲ್ಲಿ ಹೆಸರಾದ ಚಿತ್ರ. ನಮ್ಮಲ್ಲಿ ಫಿಲ್ಮ್ ಸೊಸೈಟಿಯವರನ್ನು ಬಿಟ್ಟರೆ ನೋಡಿದವರು ವಿರಳ. 1945ರ ಮೇ ತಿಂಗಳು. ಯುದ್ಧ ಮುಗಿಯುತ್ತ ಬಂದಿದೆ. ಉರಿಯುತ್ತಿರುವ ವಿಮಾನದಲ್ಲಿ ಪೈಲಟ್ ಪೀಟರ್ ಒಬ್ಬನೇ ಉಳಿದಿದ್ದಾನೆ. ಅವನ ಪ್ಯಾರಾಶೂಟ್ ಹಾಳಾಗಿದೆ. ರೇಡಿಯೊದ ಆ ತುದಿಯಲ್ಲಿ ಜೂನ್ ಎಂಬ ಅಮೆರಿಕದ ಹುಡುಗಿ. ಸಾಯುವ ಮುಂಚಿನ ಕೆಲವೇ ನಿಮಿಷ ಅವನು ಅವಳೊಂದಿಗೆ ಮಾತಾಡುತ್ತಾನೆ, ಆಮೇಲೆ ಹಾರಿಬಿಡುತ್ತಾನೆ. ಆದರೆ ಅವನನ್ನು ಕರೆದೊಯ್ಯಲು ಬಂದ ಪರಲೋಕದ ದೂತ ಇಂಗ್ಲಿಷ್ ಕಡಲ ದಟ್ಟ ಮಂಜಿನಲ್ಲಿ ಅವನನ್ನು ಕಳೆದುಕೊಳ್ಳುತ್ತಾನೆ. ದಡದಲ್ಲಿ ಕಣ್ಣು ಬಿಟ್ಟ ಪೀಟರನಿಗೆ ಸೈಕಲ್ ಮೇಲೆ ಬರುತ್ತಿದ್ದ ಜೂನ್ ಎದುರಾಗುತ್ತಾಳೆ. ಮೇಲಿನವರಿಗೆ ಲೆಕ್ಕ ತಪ್ಪಿದ್ದು ತಿಳಿದು ಅವನನ್ನು ವಾಪಸು ಕೇಳುವ ಹೊತ್ತಿಗೆ ಇಬ್ಬರೂ ಪ್ರೀತಿಸಿಯಾಗಿದೆ. ತಪ್ಪು ನಿಮ್ಮದು, ನಾನೇಕೆ ಬರಲಿ ಎಂದು ಪೀಟರ್ ದಾವೆ ಹೂಡುತ್ತಾನೆ.

ಬ್ರಿಟನ್ ಮತ್ತು ಅಮೆರಿಕದ ಸ್ನೇಹ ಬೆಳೆಸುವಂಥ ಚಿತ್ರವೊಂದು ಬೇಕೆಂದು ಬ್ರಿಟಿಷ್ ಸರಕಾರದ ವಾರ್ತಾ ಇಲಾಖೆ ಕೇಳಿದ್ದರಿಂದ ಹುಟ್ಟಿದ ಕಥೆ ಇದು. ಅಂಥ ಸರಕಾರಿ ಬೇಡಿಕೆಯಿಂದ ಇಷ್ಟು ಸ್ವತಂತ್ರವಾದ ಕಲ್ಪನೆ ಎದ್ದುಬಂದದ್ದೇ ಒಂದು ಸೋಜಿಗ. ವಿಚಾರಣೆಯಲ್ಲಿ ಪೀಟರನ ವಿರುದ್ಧ ವಾದಿಸುವವನು ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟಿಷರ ಗುಂಡಿಗೆ ಸತ್ತವನು. ಮೊದಲು ಕೂರಿಸಿದ ಜ್ಯೂರಿಯವರೆಲ್ಲ ಬ್ರಿಟಿಷರಿಂದ ಪೆಟ್ಟು ತಿಂದ ನಾಡುಗಳವರು. ಅವರಲ್ಲೊಬ್ಬ ಭಾರತೀಯನೂ ಇದ್ದಾನೆ. ನಮಗಿನ್ನೂ ಸ್ವಾತಂತ್ರ್ಯ ಬಂದಿರದ ವರ್ಷದಲ್ಲಿ ಬ್ರಿಟಿಷ್ ಸಿನಿಮಾವೊಂದು ಇಷ್ಟನ್ನು ಒಪ್ಪಿಕೊಂಡಿತ್ತು.

ಎಲ್ಲರೂ ಸ್ವರ್ಗಕ್ಕೆ ಬಣ್ಣ ಹಚ್ಚುತ್ತಾರೆ. ಛಾಯಾಗ್ರಾಹಕ ಜ್ಯಾಕ್ ಕಾರ್ಡಿಫ್ ಭೂಮಿಯನ್ನು ಟೆಕ್ನಿಕಲರ್‌ನಲ್ಲಿ ತೆಗೆದರು, ಪರಲೋಕವನ್ನು ಕಪ್ಪುಬಿಳುಪಿನಲ್ಲಿ. ಎರಡರ ನಡುವೆ ತಾನಾಗಿ ಮೇಲಕ್ಕೆ ಸರಿಯುವ ಒಂದು ಭಾರಿ ಮೆಟ್ಟಿಲ ಸಾಲು. 106 ಮೆಟ್ಟಿಲುಗಳ ಆ ಯಂತ್ರವನ್ನು ನಿಜವಾಗಿಯೇ ಕಟ್ಟಿ ಓಡಿಸಿದ್ದರು. ಇಷ್ಟೆಲ್ಲದರ ಪಕ್ಕದಲ್ಲಿ ಚಿತ್ರ ಮತ್ತೊಂದು ದಾರಿಯನ್ನೂ ತೆರೆದಿಟ್ಟಿದೆ. ದೂತ ಕಾಣಿಸಿಕೊಳ್ಳುವ ಮುಂಚೆ ಪ್ರತಿ ಸಲವೂ ಪೀಟರನಿಗೆ ಹುರಿದ ಈರುಳ್ಳಿಯ ವಾಸನೆ ಬರುತ್ತದೆ. ಮಿದುಳಿಗೆ ಪೆಟ್ಟಾದವರಿಗೆ ಹೀಗೆ ಇಲ್ಲದ ವಾಸನೆ ಬರುವುದುಂಟು. ಡಾಕ್ಟರರು ಅದರಿಂದಲೇ ಕಾಯಿಲೆಯ ಜಾಡು ಹಿಡಿಯುತ್ತಾರೆ. ಅತ್ತ ವಿಚಾರಣೆ ನಡೆಯುವಾಗ ಇತ್ತ ಶಸ್ತ್ರಚಿಕಿತ್ಸೆ. ಹಾಗಾದರೆ ಎಲ್ಲವೂ ಭ್ರಮೆಯೇ ಎಂದು ನಾವು ನಿರ್ಧರಿಸುವ ಹೊತ್ತಿಗೆ, ದೂತ ಒಯ್ದಿದ್ದ ಚದುರಂಗದ ಪುಸ್ತಕ ಪೀಟರನ ಕೋಟಿನ ಜೇಬಿನಲ್ಲಿ ಸಿಗುತ್ತದೆ. ಯಾವುದು ನಿಜ ಎಂದು ಚಿತ್ರ ಹೇಳುವುದಿಲ್ಲ, ನಾನೂ ಕೇಳಲಾರೆ. ಆದರೆ ಕೊನೆಯ ಪರೀಕ್ಷೆ ಮಾತ್ರ ಎರಡೂ ದಾರಿಯಲ್ಲಿ ಒಂದೇ. ಪೀಟರನ ಬದಲು ತಾನು ಹೋಗುತ್ತೇನೆಂದು ಜೂನ್ ಮೆಟ್ಟಿಲೇರಿ ನಿಲ್ಲುತ್ತಾಳೆ. ಅವಳನ್ನು ಹೊತ್ತು ಮೇಲೆ ಸಾಗಿದ್ದ ಮೆಟ್ಟಿಲು ನಿಂತುಹೋಗುತ್ತದೆ. ಬ್ರಹ್ಮಾಂಡದ ಕಾನೂನಿಗೆ ಅವಳನ್ನು ಒಯ್ಯುವ ಬಲವಿತ್ತು. ಅದು ಒಯ್ಯಲಿಲ್ಲ.

ಬಣ್ಣದ ಈ ಅದಲುಬದಲು ನೋಡಿದಾಗ ಪವನ್ ಕುಮಾರ್ ಅವರ ‘ಲೂಸಿಯಾ’ (2013) ಕಣ್ಣಮುಂದೆ ಬರುತ್ತದೆ. ಪ್ರೇಕ್ಷಕರೇ ದುಡ್ಡು ಹಾಕಿ ಮಾಡಿಸಿದ ಆ ಚಿತ್ರದಲ್ಲಿ, ಟಾಕೀಸಿನಲ್ಲಿ ಟಾರ್ಚ್ ಹಿಡಿದು ಸೀಟು ತೋರಿಸುವ ನಿಕ್ಕಿಯ ಬದುಕು ಬಣ್ಣದ್ದು, ಅವನ ಇನ್ನೊಂದು ರೂಪವಾದ ಸ್ಟಾರ್ ನಟನ ಬದುಕು ಕಪ್ಪುಬಿಳುಪಿನದು. ಥ್ರಿಲ್ಲರಿನ ಗಂಟು ಬಿಚ್ಚುವುದರಲ್ಲಿ ಎಲ್ಲರೂ ಮುಳುಗಿಬಿಟ್ಟರು. ನನಗೆ ಉಳಿದದ್ದು ಪ್ರೀತಿ ಇರುವ ಕಡೆ ಬಣ್ಣವಿದೆ ಎಂಬ ಆ ಸರಳ ತೀರ್ಮಾನ. 1948ರ ‘ಪೋರ್ಟ್ರೇಟ್ ಆಫ್ ಜೆನ್ನಿ’ಯಲ್ಲೂ ಹೀಗೆಯೇ. ಭೇಟಿಯಿಂದ ಭೇಟಿಗೆ ವರ್ಷಗಟ್ಟಲೆ ಬೆಳೆದು ಬರುವ ಹುಡುಗಿಯನ್ನು ಬಡ ಕಲಾವಿದನೊಬ್ಬ ಪ್ರೀತಿಸುತ್ತಾನೆ. ಚಿತ್ರ ಕಪ್ಪುಬಿಳುಪಿನಲ್ಲೇ ಸಾಗಿ, ಬಿರುಗಾಳಿಯಲ್ಲಿ ಹಸಿರಿಗೆ ತಿರುಗಿ, ಕೊನೆಯಲ್ಲಿ ಅವನು ಬರೆದ ಭಾವಚಿತ್ರವನ್ನು ಮಾತ್ರ ಪೂರ್ಣ ಬಣ್ಣದಲ್ಲಿ ತೋರಿಸುತ್ತದೆ. ಕಥೆ ಅಲ್ಲಲ್ಲಿ ತೀರಾ ಮೆತ್ತಗಾಗುತ್ತದೆ, ಒಪ್ಪುತ್ತೇನೆ. ಆ ಕೊನೆಯ ಬಣ್ಣಕ್ಕಾಗಿ ಎಲ್ಲವನ್ನೂ ಮನ್ನಿಸಬಹುದು.

ಕೊರಿಯಾದ ‘ಇಲ್ ಮಾರೆ’ (2000) ಇವೆಲ್ಲಕ್ಕಿಂತ ಮೆಲುದನಿಯದು. ಕಡಲ ದಂಡೆಯ ಮನೆ, ಅದರ ಮುಂದೊಂದು ಟಪಾಲು ಡಬ್ಬಿ. ಅವಳು ಹಾಕಿದ ಕಾಗದ ಎರಡು ವರ್ಷ ಹಿಂದಿನ ಅವನಿಗೆ ಸಿಗುತ್ತದೆ, ಅವನದು ಇವಳಿಗೆ. ಹೇಗೆ, ಏಕೆ ಎಂದು ಚಿತ್ರ ವಿವರಿಸುವುದೇ ಇಲ್ಲ. ಹಾಲಿವುಡ್ 2006ರಲ್ಲಿ ಇದನ್ನು ‘ದಿ ಲೇಕ್ ಹೌಸ್’ ಮಾಡಿತು, ತಾರೆಯರಿದ್ದರು, ಹೆಚ್ಚು ಜನ ಅದನ್ನೇ ಬಲ್ಲರು. ನನಗೆ ಮೂಲವೇ ಹೆಚ್ಚು. ತಾನು ರೈಲು ನಿಲ್ದಾಣದಲ್ಲಿ ಕಳೆದುಕೊಂಡ ಟೇಪ್ ರೆಕಾರ್ಡರನ್ನು ಹುಡುಕಿಕೊಡು ಎಂದು ಅವಳು ಬರೆಯುತ್ತಾಳೆ. ಅವಳಿಗದು ಎಂದೋ ಕಳೆದದ್ದು, ಅವನಿಗೆ ಇನ್ನೂ ಕಳೆಯಬೇಕಾದದ್ದು. ಅವನು ಹೋಗುತ್ತಾನೆ, ಅಲ್ಲಿ ಅವಳನ್ನು ನೋಡುತ್ತಾನೆ. ಕಾಗದದಲ್ಲಿ ಮನಸ್ಸು ಬಿಚ್ಚಿದ ಹುಡುಗಿ ಎದುರಿಗಿದ್ದಾಳೆ. ಆದರೆ ಈ ಕಾಲದ ಅವಳಿಗೆ ಅವನು ಯಾರೋ ಅಪರಿಚಿತ. ಮುಂದಾಗುವುದನ್ನು ಬಲ್ಲವನಿಗೆ ಎಂಥ ಬಲ! ಅವನು ಬರೀ ನೋಡುತ್ತಾನೆ, ಬಿಟ್ಟುಹೋದ ವಸ್ತುವನ್ನು ಎತ್ತಿಕೊಂಡು ಹಿಂತಿರುಗುತ್ತಾನೆ.

ಕೈ ತಡೆಯುವುದು ಎಲ್ಲ ಕಾಲಕ್ಕೂ ಒಳ್ಳೆಯದೇ ಎಂದು ನಾನು ಇಲ್ಲಿಗೆ ನಿಲ್ಲಿಸಿಬಿಡಬಹುದಿತ್ತು. ಭಾಸ್ಕರ ಹಜಾರಿಕಾ ಅವರ ‘ಆಮಿಸ್’ (2019) ಹಾಗೆ ಬಿಡುವುದಿಲ್ಲ. ಗುವಾಹಟಿಯ ಮಕ್ಕಳ ವೈದ್ಯೆ ನಿರ್ಮಾಲಿಗೆ ಮದುವೆಯಾಗಿದೆ, ಗಂಡ ಮನೆಯಲ್ಲಿರುವುದೇ ಅಪರೂಪ. ಈಶಾನ್ಯದ ಮಾಂಸಾಹಾರದ ಪದ್ಧತಿಗಳ ಬಗ್ಗೆ ಪಿಎಚ್.ಡಿ. ಮಾಡುತ್ತಿರುವ ಸುಮನ್ ಅವಳಿಗೆ ಒಂದೊಂದೇ ಹೊಸ ಅಡುಗೆ ತಿನ್ನಿಸುತ್ತಾನೆ. ಇಬ್ಬರಿಗೂ ಪ್ರೀತಿಯಾಗಿದೆ, ಇಬ್ಬರಿಗೂ ಗೊತ್ತು, ಒಬ್ಬರನ್ನೊಬ್ಬರು ಮುಟ್ಟುವುದಿಲ್ಲ. ಮೊದಲರ್ಧ ಎಷ್ಟು ನವಿರಾಗಿದೆ ಎಂದರೆ ಅವರ ಊಟಗಳಿಗಾಗಿ ನಾವೇ ಕಾಯತೊಡಗುತ್ತೇವೆ. ಆಮೇಲೊಂದು ದಿನ ಸುಮನ್ ಪಶುವೈದ್ಯ ಗೆಳೆಯನಿಂದ ತನ್ನ ಮೈಯ ಮಾಂಸವನ್ನೇ ಕತ್ತರಿಸಿ ತೆಗೆಸಿ, ಬೇಯಿಸಿ ಅವಳಿಗೆ ಬಡಿಸುತ್ತಾನೆ. ಅವಳು ಅದನ್ನು ತಿನ್ನುತ್ತಾಳೆ. ಅವಳ ಮುಖದ ಮೇಲೆ ಬರುವ ಸುಖವನ್ನು ಸತ್ರಿಯಾ ನರ್ತಕಿಯೂ ಆದ ಲಿಮಾ ದಾಸ್ ತೋರಿಸಿದ ರೀತಿ ಹೆದರಿಕೆ ಹುಟ್ಟಿಸುತ್ತದೆ, ಕಣ್ಣು ಕೀಳಲಾಗುವುದಿಲ್ಲ.

ಶೃಂಗಾರದೊಳಗೆ ಆಲಸ್ಯ, ಉಗ್ರತೆ, ಜುಗುಪ್ಸೆ ಈ ಮೂರು ಬರಕೂಡದೆಂದು ಭರತ ಹೊರಗಿಟ್ಟಿದ್ದ. ಶೃಂಗಾರವೂ ಬೀಭತ್ಸವೂ ಒಂದಕ್ಕೊಂದು ವಿರೋಧಿಗಳೆಂದು ಕಾವ್ಯಮೀಮಾಂಸಕ ಆನಂದವರ್ಧನನೂ ಎಣಿಸಿದ. ಹಜಾರಿಕಾ ಹೊರಗಿಟ್ಟದ್ದನ್ನೇ ತಂದು ನಡುವೆ ಇಟ್ಟರು. ಹಾಗೆ ಇಟ್ಟದ್ದು ಬರೀ ಬೆಚ್ಚಿಬೀಳಿಸಲು ಎಂದು ನನಗನ್ನಿಸುವುದಿಲ್ಲ. ಊರು, ಮನೆ, ಮರ್ಯಾದೆ ಎಲ್ಲ ಸೇರಿ ತಡೆದ ಕೈ ಅದು. ಅವರು ತಾವಾಗಿ ತಡೆದದ್ದಲ್ಲ. ದೆವ್ವವೂ ಹಾವೂ ತಮ್ಮ ಬಲವನ್ನು ತಾವೇ ಬಿಟ್ಟುಕೊಟ್ಟವು. ಇವರಿಬ್ಬರ ಬಯಕೆಗೆ ಬೀಗ ಜಡಿದವರು ಬೇರೆಯವರು, ಅದು ಒಳಗೇ ಕೊಳೆತು ಕೊಲೆಯ ತನಕ ಹೋಯಿತು. ಸಿಕ್ಕಿಬಿದ್ದ ಇಬ್ಬರನ್ನೂ ಪೊಲೀಸರು ಮುಸುಕು ಹಾಕಿ ನಿಲ್ಲಿಸಿದಾಗ ಅವರ ಕೈಗಳು ಮೊದಲ ಬಾರಿ ಒಂದನ್ನೊಂದು ಹಿಡಿಯುತ್ತವೆ. ಇಷ್ಟು ಸಣ್ಣದಕ್ಕೆ ಅಷ್ಟು ಬೆಲೆಯೇ ಎಂದು ನಾನು ಬಹಳ ಹೊತ್ತು ಕುಳಿತಿದ್ದೆ. ನನ್ನ ಮಟ್ಟಿಗೆ ಇತ್ತೀಚಿನ ಭಾರತೀಯ ಪ್ರೇಮಚಿತ್ರಗಳಲ್ಲಿ ಇದಕ್ಕಿಂತ ಧೈರ್ಯದ್ದು ಇನ್ನೊಂದಿಲ್ಲ.

ಇಂಥ ಚಿತ್ರಗಳನ್ನು ಜನರಿಗೆ ತಲುಪಿಸುವುದು ಕಷ್ಟ. ಪೋಸ್ಟರಿನಲ್ಲಿ ಲವ್ ಸ್ಟೋರಿ ಎಂದು ಹಾಕಿದರೆ ಹಾರರ್ ನೋಡುವವರು ಬರುವುದಿಲ್ಲ, ಹಾರರ್ ಎಂದರೆ ಪ್ರೀತಿ ಹುಡುಕಿ ಬಂದವರು ಬಾಗಿಲಲ್ಲೇ ತಿರುಗುತ್ತಾರೆ. ಎರಡರ ನಡುವೆ ಒಳ್ಳೆಯ ಸಿನಿಮಾಗಳು ಕಾಣದಂತಾಗಿವೆ. ಆದ್ದರಿಂದ ಇದನ್ನು ಓದುವವರಲ್ಲಿ ನನ್ನದೊಂದು ಕೋರಿಕೆ. ಮೊದಲು ‘ದುವಿಧಾ’ ನೋಡಿ. 82 ನಿಮಿಷದ ಚಿತ್ರ, ಫೋನು ದೂರವಿಟ್ಟು ಕುಳಿತರೆ ಸಾಕು. ಅದೇ ವಾರ ‘ನಾಗಮಂಡಲ’ವನ್ನು ಮತ್ತೊಮ್ಮೆ ನೋಡಿ. ‘ಆಮಿಸ್’ ಮಾತ್ರ ಊಟದ ಹೊತ್ತಿನಲ್ಲಿ ಬೇಡ, ಮನೆಯ ಚಿಕ್ಕ ಮಕ್ಕಳ ಮುಂದೆಯೂ ಬೇಡ. ನೋಡಿ ಮುಗಿಸಿದ ಮೇಲೆ ಹಿಡಿಸಿದ್ದನ್ನು ಇನ್ನೊಬ್ಬರಿಗೆ ಹೇಳಿ.